ಗಂಗೋತ್ರಿಯಲ್ಲಿ ಸೀಟು ಸಿಕ್ಕಿತು, ಇನ್ನು ಮುಂದೆ? ದೊಡ್ಡ ಯೂನಿವರ್ಸಿಟಿಯ ಒಳಗಿನ ಲೆಕ್ಕ

ಕಳೆದ ವಾರ ಕೆ.ಆರ್. ನಗರದಿಂದ ಫೋನ್ ಬಂತು. ಚಿಕ್ಕಮ್ಮನ ಮೊಮ್ಮಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಇತಿಹಾಸಕ್ಕೆ ಸೀಟು ಸಿಕ್ಕಿದೆ. ಮನೆಯಲ್ಲಿ ಡಿಗ್ರಿ ದಾಟಿ ಓದುವವಳು ಇವಳೇ ಮೊದಲು. ಖುಷಿ ಅರ್ಧ, ಗಾಬರಿ ಅರ್ಧ. "ಮಾವ, ಹಾರ್ಡ್ ಕೋರ್, ಸಾಫ್ಟ್ ಕೋರ್ ಅಂತೆಲ್ಲ ಬರೆದಿದ್ದಾರೆ, ಇದೇನು ಐಸ್‌ಕ್ರೀಮ್ ಅಂಗಡಿನಾ?" ಅಂತ ಅವಳು ಕೇಳಿದಳು. ಆಮೇಲೆ ಫೋನ್ ಅವಳಪ್ಪನ ಕೈಗೆ ಹೋಯಿತು. ಅವರದ್ದು ಒಂದೇ ಪ್ರಶ್ನೆ. "ನೋಡಪ್ಪಾ, ಅಷ್ಟು ದೊಡ್ಡ ಜಾಗ. ಇವಳನ್ನ ಅಲ್ಲಿ ಯಾರು ನೋಡ್ಕೋತಾರೆ?"

ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಅಡ್ಮಿಷನ್ ಸಮಯದಲ್ಲಿ ಇದೇ ಗಾಬರಿ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅವರಿಗೆ ಫೋನಿನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಮೈಸೂರು ವಿಶ್ವವಿದ್ಯಾನಿಲಯದ್ದು. ಧಾರವಾಡಕ್ಕೋ ಬೆಂಗಳೂರಿನ ಜ್ಞಾನಭಾರತಿಗೋ ಹೊರಟವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಯೂನಿವರ್ಸಿಟಿ ಅಂದರೆ ದೊಡ್ಡ ಕಾಲೇಜಾ?

ಈ ಹುಡುಗಿ ಕೆ.ಆರ್. ನಗರದ ಕಾಲೇಜಿನಲ್ಲಿ ಬಿ.ಎ. ಮಾಡಿದಾಗಲೂ ಅವಳ ಮಾರ್ಕ್ಸ್ ಕಾರ್ಡ್ ಮೇಲೆ ಇದ್ದದ್ದು ಮೈಸೂರು ವಿಶ್ವವಿದ್ಯಾನಿಲಯ ಅಂತಲೇ. ಹಾಗಾದರೆ ಮೂರು ವರ್ಷ ಅವಳು ಯೂನಿವರ್ಸಿಟಿಯಲ್ಲೇ ಓದಿದಳಾ? ಒಂದು ಲೆಕ್ಕದಲ್ಲಿ ಹೌದು. ನಮ್ಮ ಸರ್ಕಾರಿ ಯೂನಿವರ್ಸಿಟಿಗಳಿಗೆ ಎರಡು ಕೆಲಸ. ಒಂದು, ತನ್ನ ವ್ಯಾಪ್ತಿಯ ಕಾಲೇಜುಗಳಿಗೆ ಸಿಲಬಸ್ ಕೊಟ್ಟು, ಪರೀಕ್ಷೆ ಮಾಡಿ, ಡಿಗ್ರಿ ಕೊಡುವುದು. ಇದಕ್ಕೆ ಸಂಯೋಜನೆ ಅನ್ನುತ್ತಾರೆ, ಮಾತಿನಲ್ಲಿ ಅಫಿಲಿಯೇಷನ್. ಇನ್ನೊಂದು, ತನ್ನದೇ ಕ್ಯಾಂಪಸ್ಸಿನಲ್ಲಿ ತಾನೇ ಪಾಠ ಮಾಡುವುದು, ಸಂಶೋಧನೆ ಮಾಡಿಸುವುದು. ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಎಲ್ಲ ಹೆಚ್ಚಾಗಿ ನಡೆಯುವುದು ಇಲ್ಲಿ. ಇಷ್ಟು ದಿನ ಇವಳು ಯೂನಿವರ್ಸಿಟಿಯ ಪರೀಕ್ಷೆ ಮಾತ್ರ ನೋಡಿದ್ದಳು. ಈಗ ಅದರ ಮನೆಯೊಳಗೇ ಹೋಗುತ್ತಿದ್ದಾಳೆ.

ಈ ಮನೆಯ ಕಥೆ ನಮ್ಮ ಕೂಡುಕುಟುಂಬಗಳ ಥರಾನೇ ಇದೆ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದು ಶುರುವಾದಾಗ ಇಡೀ ಮೈಸೂರು ಸಂಸ್ಥಾನಕ್ಕೆ ಇದೊಂದೇ ಯೂನಿವರ್ಸಿಟಿ. ಬ್ರಿಟಿಷರ ನೇರ ಆಡಳಿತದ ಹೊರಗೆ ದೇಶದಲ್ಲಿ ಹುಟ್ಟಿದ ಮೊದಲನೆಯದೂ ಇದೇ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಒಂದೇ ಸೂರಿನಡಿ ಇದ್ದವು. ಆಮೇಲೆ ಪಾಲಾಗುತ್ತಾ ಹೋಯಿತು. 1964ರಲ್ಲಿ ಬೆಂಗಳೂರು ಬೇರೆಯಾಯಿತು, 1980ರಲ್ಲಿ ಮಂಗಳೂರು, 1987ರಲ್ಲಿ ಶಿವಮೊಗ್ಗ ಕಡೆಯ ಕುವೆಂಪು ವಿಶ್ವವಿದ್ಯಾಲಯ. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು, ಅಂದರೆ ತಾಂತ್ರಿಕ ವಿಶ್ವವಿದ್ಯಾಲಯ, ಹುಟ್ಟಿ ಎಂಜಿನಿಯರಿಂಗ್ ಕಾಲೇಜುಗಳು ಅತ್ತ ಹೋದವು. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳೂ ಬೇರೆ ಒಲೆ ಹೂಡಿದವು. ಅದಕ್ಕೇ ಒಂದೇ ಮನೆಯಲ್ಲಿ ಅಣ್ಣನ ಡಿಗ್ರಿ ಒಂದು ಯೂನಿವರ್ಸಿಟಿಯದ್ದು, ತಮ್ಮನದ್ದು ಇನ್ನೊಂದರದ್ದು ಆಗಿರುತ್ತದೆ, ಇಬ್ಬರೂ ಓದಿದ್ದು ಅದೇ ಕಾಲೇಜು, ಕೂತಿದ್ದೂ ಬಹುಶಃ ಅದೇ ಬೆಂಚು.

ಮಾನಸಗಂಗೋತ್ರಿ ಅನ್ನುವುದು ಕ್ಯಾಂಪಸ್ಸಿನ ಹೆಸರು. ಕುವೆಂಪು 1956ರಿಂದ 1960ರವರೆಗೆ ಕುಲಪತಿಯಾಗಿದ್ದರು. ಸ್ನಾತಕೋತ್ತರ ಓದಿಗೇ ಅಂತ ಒಂದು ಕ್ಯಾಂಪಸ್ ಬೇಕು ಅಂತ ಇದನ್ನು ಕಟ್ಟಿಸಿ ಈ ಹೆಸರಿಟ್ಟವರು ಅವರೇ. ಆ ಹೆಸರು ಎಷ್ಟು ಹಿಡಿಸಿತೆಂದರೆ ಮುಂದೆ ಮಂಗಳೂರು ಹತ್ತಿರದ ಕೊಣಾಜೆಯದ್ದು ಮಂಗಳಗಂಗೋತ್ರಿ ಆಯಿತು, ಹಾಸನದ್ದು ಹೇಮಗಂಗೋತ್ರಿ, ಮುಕ್ತ ವಿಶ್ವವಿದ್ಯಾನಿಲಯದ್ದು ಮುಕ್ತಗಂಗೋತ್ರಿ. ಮೈಸೂರಿನಲ್ಲಿ ಆಟೋದವರಿಗೆ ಸುಮ್ನೆ "ಗಂಗೋತ್ರಿ" ಅಂದರೂ ಸಾಕು.

ಇನ್ನು ಹುದ್ದೆಗಳ ಹೆಸರು. ಇಲ್ಲಿ ಎಲ್ಲರೂ ತಡವರಿಸುತ್ತಾರೆ. ಕುಲಾಧಿಪತಿ ಅಂದರೆ ರಾಜ್ಯಪಾಲರು. ಸಮಕುಲಾಧಿಪತಿ ಅಂದರೆ ಉನ್ನತ ಶಿಕ್ಷಣ ಸಚಿವರು. ಕುಲಪತಿ ಅಂದರೆ ವೈಸ್ ಚಾನ್ಸಲರ್, ನಿಜವಾಗಿ ಯೂನಿವರ್ಸಿಟಿ ನಡೆಸುವವರು. ಕುಲಸಚಿವರು ಅಂದರೆ ರಿಜಿಸ್ಟ್ರಾರ್. ಇವರು ಇಬ್ಬರಿರುತ್ತಾರೆ, ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ. ವಿದ್ಯಾರ್ಥಿಗೆ ಎರಡು ವರ್ಷದಲ್ಲಿ ಕೆಲಸ ಬೀಳುವುದು ಹೆಚ್ಚಾಗಿ ಎರಡನೆಯವರ ಕಚೇರಿಯಲ್ಲಿ.

ಹೊರಗೆ ಸಾವಿರಾರು, ಒಳಗೆ ನಲವತ್ತು

ಗಂಗೋತ್ರಿ ಸುಮಾರು 739 ಎಕರೆ. ಹತ್ತಾರು ವಿಭಾಗಗಳು, ಸಾವಿರಾರು ಹುಡುಗ ಹುಡುಗಿಯರು. ಕೇಳಿದರೆ ಜಾತ್ರೆ ಅನಿಸುತ್ತದೆ. ಆದರೆ ಗೇಟಿನ ಒಳಗೆ ಯಾರನ್ನೇ ದಾರಿ ಕೇಳಿ, ಅವರು ತಿರುಗಿ ಕೇಳುವುದು ಒಂದೇ: "ಯಾವ ಡಿಪಾರ್ಟ್‌ಮೆಂಟು?"

ಇಡೀ ವಿಷಯದ ಕೀಲಿ ಇದೇ. ದೊಡ್ಡ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿ ದಿನ ಕಳೆಯುವುದು ತುಂಬ ಸಣ್ಣ ಜಾಗದಲ್ಲಿ. ಒಂದು ವಿಭಾಗ, ಅದರಲ್ಲಿ ನಾಲ್ಕಾರು ಕೊಠಡಿ, ಮೂವತ್ತೋ ನಲವತ್ತೋ ಜನರ ಕ್ಲಾಸು, ಬೆರಳಲ್ಲಿ ಎಣಿಸುವಷ್ಟು ಮೇಷ್ಟ್ರುಗಳು. ಅವಳ ಡಿಗ್ರಿ ಕಾಲೇಜಿನಲ್ಲೇ ಒಂದು ಸೆಕ್ಷನ್‌ನಲ್ಲಿ ಇದಕ್ಕಿಂತ ಜಾಸ್ತಿ ಜನ ಇದ್ದರು. ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಪಾಸಾಗಬಹುದಿತ್ತು. ಇಲ್ಲಿ ಎರಡನೇ ವಾರಕ್ಕೇ ಹೆಸರು ಗೊತ್ತಾಗಿರುತ್ತದೆ. ಎರಡು ದಿನ ಬರದಿದ್ದರೆ ಯಾಕೆ ಬಂದಿಲ್ಲ ಅಂತ ಕೇಳುತ್ತಾರೆ.

ಅವರಪ್ಪನಿಗೆ ನಾನು ಕೊಟ್ಟ ಉತ್ತರದ ಅರ್ಧ ಭಾಗ ಇದು. ಇನ್ನರ್ಧ ಅಷ್ಟು ಸಮಾಧಾನದ್ದಲ್ಲ. ಡಿಪಾರ್ಟ್‌ಮೆಂಟ್ ಬಾಗಿಲು ದಾಟಿ ಫೀಸು, ಸ್ಕಾಲರ್‌ಶಿಪ್ಪು, ಮಾರ್ಕ್ಸ್ ಕಾರ್ಡು ಅಂತ ಹೊರಟ ಕೂಡಲೇ ಯೂನಿವರ್ಸಿಟಿ ನಿಜವಾಗಿಯೂ ದೊಡ್ಡದಾಗುತ್ತದೆ. ಆಡಳಿತ ನಡೆಯುವ ಕ್ರಾಫರ್ಡ್ ಹಾಲ್‌ನಲ್ಲಿ ನೀವು ಒಂದು ರಿಜಿಸ್ಟರ್ ನಂಬರು, ಅಷ್ಟೇ. ಇದರಲ್ಲಿ ಕೇಡೇನೂ ಇಲ್ಲ, ಬ್ಯಾಂಕಿನಲ್ಲೂ ನಮ್ಮನ್ನು ಅಕೌಂಟ್ ನಂಬರಿನಿಂದಲೇ ಗುರುತಿಸುತ್ತಾರೆ. ಆದರೆ ಯಾವ ಬಾಗಿಲಲ್ಲಿ ನೀವು ಮನುಷ್ಯರು, ಯಾವ ಬಾಗಿಲಲ್ಲಿ ನಂಬರು ಅಂತ ಗೊತ್ತಿದ್ದರೆ ಅರ್ಧ ತಲೆನೋವು ಕಮ್ಮಿ.

ಐಸ್‌ಕ್ರೀಮ್ ಅಂಗಡಿಯ ಪ್ರಶ್ನೆ

ಈಗ ಹಾರ್ಡ್ ಕೋರ್, ಸಾಫ್ಟ್ ಕೋರ್. ಇದರ ಹಿಂದಿರುವುದು ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ, ಎಲ್ಲರೂ ಸಿಬಿಸಿಎಸ್ ಅನ್ನುತ್ತಾರೆ.

ಮದುವೆ ಊಟದ ಎಲೆ ನೆನಪಿಸಿಕೊಳ್ಳಿ. ಅನ್ನ, ಸಾರು ಎಲ್ಲರಿಗೂ ಬಡಿಸುತ್ತಾರೆ, ಬೇಡ ಅನ್ನುವ ಹಾಗಿಲ್ಲ. ಅದು ಹಾರ್ಡ್ ಕೋರ್. ಇತಿಹಾಸದವರೆಲ್ಲರೂ ಓದಲೇಬೇಕಾದ ಪೇಪರುಗಳು. ಪಲ್ಯದಲ್ಲಿ ಬೀನ್ಸ್ ಬೇಕಾ ಎಲೆಕೋಸು ಬೇಕಾ ಅಂತ ಕೇಳಿದರೆ ಅದು ಸಾಫ್ಟ್ ಕೋರ್. ವಿಷಯ ನಿಮ್ಮದೇ, ಅದರೊಳಗೆ ಎರಡು ಮೂರರಲ್ಲಿ ಒಂದನ್ನು ಆರಿಸಬಹುದು. ಓಪನ್ ಎಲೆಕ್ಟಿವ್ ಅಂದರೆ ಪಕ್ಕದ ಛತ್ರಕ್ಕೆ ಹೋಗಿ ಅಲ್ಲಿಯ ಸಿಹಿ ತಿಂದು ಬರುವುದು. ಇತಿಹಾಸದವಳು ಇನ್ನೊಂದು ವಿಭಾಗಕ್ಕೆ ಹೋಗಿ ಒಂದು ಪೇಪರು ಓದಬೇಕು. ರಸಾಯನಶಾಸ್ತ್ರದವನು ಕನ್ನಡ ವಿಭಾಗಕ್ಕೆ ಬಂದು ಜಾನಪದ ಕೇಳುವುದು ಇದರಿಂದಲೇ.

ಓಪನ್ ಎಲೆಕ್ಟಿವ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಇದಕ್ಕೆ ಸೀಟು ಮಿತಿ ಇರುತ್ತದೆ, ಸುಲಭ ಅಂತ ಹೆಸರಾದ ಪೇಪರುಗಳು ಬೇಗ ತುಂಬುತ್ತವೆ, ತಡವಾದವರಿಗೆ ಉಳಿದದ್ದೇ ಗತಿ. "ಯಾವುದರಲ್ಲಿ ಮಾರ್ಕ್ಸ್ ಬರುತ್ತೆ?" ಅಂತ ಸೀನಿಯರ್‌ಗಳನ್ನು ಕೇಳಿ ಎಲ್ಲರೂ ಅತ್ತಲೇ ಓಡುತ್ತಾರೆ. ಓಡಲಿ ಬಿಡಿ. ಆದರೆ ಎರಡು ವರ್ಷದಲ್ಲಿ ಬೇರೆ ವಿಭಾಗದ ಹುಡುಗರ ಜೊತೆ ಒಂದೇ ಬೆಂಚಲ್ಲಿ ಕೂರುವ ಅವಕಾಶ ಬಹುತೇಕ ಇದೊಂದೇ. ಗಂಗೋತ್ರಿಯಲ್ಲಿ ಡಿಪಾರ್ಟ್‌ಮೆಂಟಿನ ಹೊರಗೆ ಸ್ನೇಹಿತರಿರುವವರನ್ನು ಕೇಳಿ ನೋಡಿ, ಹಾಸ್ಟೆಲ್ ಇಲ್ಲವೇ ಓಪನ್ ಎಲೆಕ್ಟಿವ್, ಎರಡರಲ್ಲಿ ಒಂದು ಹೇಳುತ್ತಾರೆ.

ಕ್ರೆಡಿಟ್ ಅನ್ನುವುದು ಪೇಪರಿನ ತೂಕ. ವಾರಕ್ಕೆ ಒಂದು ಗಂಟೆ ಪಾಠ ಇದ್ದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಅಥವಾ ಟ್ಯುಟೋರಿಯಲ್ ಆದರೆ ಎರಡು ಗಂಟೆಗೆ ಒಂದು. ಸಿಲಬಸ್ಸಿನಲ್ಲಿ ಪೇಪರಿನ ಮುಂದೆ 3:1:0 ಅಂತ ಇದ್ದರೆ ಗಾಬರಿ ಬೇಡ. ಪಾಠಕ್ಕೆ 3, ಟ್ಯುಟೋರಿಯಲ್‌ಗೆ 1, ಪ್ರಾಕ್ಟಿಕಲ್ ಇಲ್ಲ, ಒಟ್ಟು 4 ಕ್ರೆಡಿಟ್ ಅಂತ ಅರ್ಥ.

ತೂಕ ಯಾಕೆ ಬೇಕು? ಅಕ್ಕಿ ಅಂಗಡಿಗೆ ಹೋಗೋಣ. ಕೆ.ಜಿ.ಗೆ 90 ರೂಪಾಯಿಯ ಅಕ್ಕಿ 2 ಕೆ.ಜಿ., 60 ರೂಪಾಯಿಯದ್ದು 4 ಕೆ.ಜಿ. ತಂದು ಬೆರೆಸಿದಿರಿ. ಬೆರಕೆ ಅಕ್ಕಿ ಕೆ.ಜಿ.ಗೆ ಎಷ್ಟು ಬಿತ್ತು? 90 ಮತ್ತು 60ರ ನಡುವೆ 75 ಅಂದರೆ ತಪ್ಪು. 180 ಮತ್ತು 240 ಕೂಡಿದರೆ 420, ಅದನ್ನು 6ರಿಂದ ಭಾಗಿಸಿದರೆ 70. ಅಗ್ಗದ ಅಕ್ಕಿ ಜಾಸ್ತಿ ಇತ್ತಲ್ಲ, ಬೆಲೆ ಅತ್ತ ಎಳೆಯಿತು. ಮಾರ್ಕ್ಸ್ ಕೂಡ ಹೀಗೇ. 2 ಕ್ರೆಡಿಟ್ಟಿನ ಪೇಪರಿನಲ್ಲಿ 90 ಬಂದು 4 ಕ್ರೆಡಿಟ್ಟಿನದರಲ್ಲಿ 60 ಬಂದರೆ ನಿಮ್ಮ ಸರಾಸರಿ 75 ಆಗುವುದಿಲ್ಲ, 70 ಆಗುತ್ತದೆ. ಅದನ್ನೇ ಹತ್ತರ ಲೆಕ್ಕಕ್ಕೆ ತಂದರೆ 7.0. ಒಂದು ಸೆಮಿಸ್ಟರಿಗೆ ಹೀಗೆ ಮಾಡಿದರೆ ಎಸ್‌ಜಿಪಿಎ, ಎಲ್ಲ ಸೆಮಿಸ್ಟರ್ ಸೇರಿಸಿ ಮಾಡಿದರೆ ಸಿಜಿಪಿಎ. ಮಾರ್ಕ್ಸನ್ನು ಗ್ರೇಡ್ ಪಾಯಿಂಟಿಗೆ ಬದಲಾಯಿಸುವ ಪಟ್ಟಿ ಒಂದೊಂದು ಯೂನಿವರ್ಸಿಟಿಯಲ್ಲಿ ಒಂದೊಂದು ಥರ ಇರುತ್ತದೆ. ತೂಕದ ಲೆಕ್ಕ ಮಾತ್ರ ಎಲ್ಲ ಕಡೆಯೂ ಇದೇ.

ಹಾಗಾಗಿ ಓದುವ ಸಮಯ ಹಂಚುವಾಗ ಸಿಲಬಸ್ ಕಾಪಿ ಎದುರಿಗಿರಲಿ. ಸಣ್ಣ ಪೇಪರಿಗೆ ರಾತ್ರಿಯಿಡೀ ಕೂತು ದೊಡ್ಡದನ್ನು ಕಡೆಗಣಿಸಿದವರು ರಿಸಲ್ಟ್ ದಿನ "ಎಲ್ಲದರಲ್ಲೂ ಚೆನ್ನಾಗೇ ಬಂದಿತ್ತಲ್ಲ" ಅಂತ ತಲೆ ಕೆರೆದುಕೊಳ್ಳುತ್ತಾರೆ.

ಪರೀಕ್ಷೆ ಒಂದು ದಿನದ್ದಲ್ಲ

ಡಿಗ್ರಿಯಲ್ಲಿ ಎಷ್ಟೋ ಜನ ಕೊನೆಯ ಹದಿನೈದು ದಿನ ಓದಿ ದಾಟಿರುತ್ತಾರೆ. ಮೈಸೂರಿನ ಸ್ನಾತಕೋತ್ತರ ಪದ್ಧತಿಯಲ್ಲಿ ಸಿ1, ಸಿ2, ಸಿ3 ಅಂತ ಮೂರು ಭಾಗ. ಸೆಮಿಸ್ಟರಿನ ಮೊದಲರ್ಧದಲ್ಲಿ ಮಾಡಿದ ಟೆಸ್ಟು, ಸೆಮಿನಾರು, ಅಸೈನ್‌ಮೆಂಟು ಸಿ1. ಎರಡನೇ ಅರ್ಧದ್ದು ಸಿ2. ಕೊನೆಯ ದೊಡ್ಡ ಪರೀಕ್ಷೆ ಸಿ3. ಮೊದಲೆರಡರಲ್ಲಿ ಅಂಕ ಕೊಡುವವರು ನಿಮಗೆ ಪಾಠ ಮಾಡಿದ ಮೇಷ್ಟ್ರೇ.

ಸಣ್ಣ ಜಾಗದ ಒಳ್ಳೆಯದು ಕೆಟ್ಟದ್ದು ಎರಡೂ ಇಲ್ಲಿ ಸೇರುತ್ತವೆ. ನಿಮ್ಮ ಕೆಲಸ ನೋಡಿದ ಮನುಷ್ಯರೇ ಅಂಕ ಕೊಡುತ್ತಾರೆ, ಅದು ಒಳ್ಳೆಯದು. ಅವರ ಜೊತೆ ಮನಸ್ತಾಪವಾದರೆ ಹೋಗಲು ಬೇರೆ ಸೆಕ್ಷನ್ ಇಲ್ಲ, ಅದು ಕಷ್ಟ. ಸಿ3 ಉತ್ತರಪತ್ರಿಕೆಯನ್ನು ಸಾಮಾನ್ಯವಾಗಿ ಇಬ್ಬರು ತಿದ್ದುತ್ತಾರೆ, ಇಬ್ಬರ ನಡುವೆ ತುಂಬ ವ್ಯತ್ಯಾಸ ಬಂದರೆ ಮೂರನೆಯವರಿಗೆ ಹೋಗುತ್ತದೆ. ಸ್ನಾತಕೋತ್ತರ ಪರೀಕ್ಷೆಗಳಲ್ಲಿ ಇದು ಹಳೆಯ ಪದ್ಧತಿ. ಒಬ್ಬರ ಕೈಯಲ್ಲೇ ಎಲ್ಲ ಇರಬಾರದು ಅನ್ನುವ ಲೆಕ್ಕ.

ಸೆಮಿನಾರ್ ಅಂದರೆ ಕ್ಲಾಸಿನ ಎದುರು ನಿಂತು ಹದಿನೈದಿಪ್ಪತ್ತು ನಿಮಿಷ ಒಂದು ವಿಷಯ ಮಾತಾಡುವುದು. ಹಳ್ಳಿಯಿಂದ ಬಂದ ಹುಡುಗರಿಗೆ ಸಿ3ಗಿಂತ ಇದರ ಭಯವೇ ಜಾಸ್ತಿ. ಮೊದಲ ಸಲ ಎಲ್ಲರ ಕೈಯೂ ನಡುಗುತ್ತದೆ. ಮೂರನೇ ಸಲಕ್ಕೆ ಮೈಕ್ ಬಿಡುವುದಿಲ್ಲ.

ಹಾಜರಿ ಸಾಮಾನ್ಯವಾಗಿ ಶೇ. 75 ಬೇಕು. ಅದು ಪ್ರತಿ ಪೇಪರಿಗೂ ಬೇರೆ ಬೇರೆ ನೋಡುವ ಲೆಕ್ಕ. ಒಂದರಲ್ಲಿ ಶೇ. 95 ಇದ್ದರೆ ಇನ್ನೊಂದರ ಶೇ. 60ಕ್ಕೆ ಸಾಲ ಕೊಡಲು ಬರುವುದಿಲ್ಲ.

ಪಾಠ ಮಾಡುವವರು ಯಾರು, ಯಾವ ಭಾಷೆಯಲ್ಲಿ?

ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಖಾಯಂ ಹುದ್ದೆಗಳು ತುಂಬ ಖಾಲಿ ಇವೆ. ಆ ಜಾಗದಲ್ಲಿ ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಅತಿಥಿ ಅನ್ನುವ ಮಾತು ಕೇಳಿ ಎಲ್ಲಿಂದಲೋ ಬಂದು ಒಂದು ಭಾಷಣ ಮಾಡಿ ಹೋಗುವವರು ಅಂದುಕೊಳ್ಳಬೇಡಿ. ವಾರಕ್ಕೆ ಇಷ್ಟು ಗಂಟೆ ಅಂತ ಗೌರವಧನಕ್ಕೆ ಸೆಮಿಸ್ಟರ್ ಪೂರ್ತಿ ಪಾಠ ಮಾಡುವವರು ಅವರು, ಎಷ್ಟೋ ಜನ ಪಿಎಚ್.ಡಿ. ಮುಗಿಸಿ ಹತ್ತಾರು ವರ್ಷ ಹೀಗೇ ದುಡಿದಿದ್ದಾರೆ. ವಿದ್ಯಾರ್ಥಿಗೆ ಇದರಿಂದ ಆಗುವುದು ಏನು? ಈ ವರ್ಷ ಪಾಠ ಮಾಡಿದವರು ಮುಂದಿನ ವರ್ಷ ಇಲ್ಲದೆ ಇರಬಹುದು. ಪಿಎಚ್.ಡಿ.ಗೆ ಮಾರ್ಗದರ್ಶಕರಾಗಲು ಖಾಯಂ ಅಧ್ಯಾಪಕರೇ ಬೇಕು. ಅದರಲ್ಲೂ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2022ರ ನಿಯಮದಂತೆ ಪ್ರೊಫೆಸರ್ ಒಬ್ಬರು ಒಂದು ಸಮಯಕ್ಕೆ 8 ಜನರನ್ನು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ಖಾಯಂ ಜನ ಕಮ್ಮಿಯಾದಷ್ಟೂ ಪಿಎಚ್.ಡಿ. ಸೀಟು ಕಮ್ಮಿ. "ಗೈಡ್ ಸಿಗ್ತಿಲ್ಲ" ಅಂತ ಹುಡುಗರು ಅಲೆಯುವುದರ ಹಿಂದಿನ ಸರಳ ಗಣಿತ ಇದು.

ಭಾಷೆಯ ವಿಷಯ. ವಿಜ್ಞಾನ ವಿಭಾಗಗಳಲ್ಲಿ ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ಕಡೆ ಕನ್ನಡದಲ್ಲೂ ಉತ್ತರ ಬರೆಯಬಹುದು, ಮೇಷ್ಟ್ರೂ ಎರಡೂ ಭಾಷೆ ಬೆರೆಸಿ ಪಾಠ ಮಾಡುತ್ತಾರೆ. ತೊಂದರೆ ಬರುವುದು ಪುಸ್ತಕದಲ್ಲಿ. ಆ ಮಟ್ಟದ ಪುಸ್ತಕ ಕನ್ನಡದಲ್ಲಿ ಕಮ್ಮಿ. ಆಗ ಹುಡುಗರು ಮಾಡುವುದು ಹೀಗೆ: ಇಂಗ್ಲಿಷ್ ಓದಲು ಬರುವ ಒಬ್ಬಳು ಅಧ್ಯಾಯ ಓದಿ ಕನ್ನಡದಲ್ಲಿ ಹೇಳುತ್ತಾಳೆ, ಇನ್ನೊಬ್ಬ ಅದನ್ನು ನೋಟ್ಸ್ ಮಾಡುತ್ತಾನೆ, ಆ ನೋಟ್ಸ್ ಝೆರಾಕ್ಸ್ ಆಗಿ ಮುಂದಿನ ಬ್ಯಾಚಿಗೂ ದಾಟುತ್ತದೆ. ಹಾಗೆ ಹೇಳಿಕೊಡುವವಳೇ ಇಡೀ ಕ್ಲಾಸಿನಲ್ಲಿ ಜಾಸ್ತಿ ಕಲಿಯುತ್ತಾಳೆ ಅನ್ನುವುದು ನಾನು ಕಣ್ಣಾರೆ ನೋಡಿದ್ದು.

ಹಾಸ್ಟೆಲ್ಲು, ಮೆಸ್ಸು

ಹಾಸ್ಟೆಲ್ ಅಂದರೆ ಒಂದೇ ಥರದ್ದಲ್ಲ, ಮೊದಲು ಇದನ್ನು ತಿಳಿದುಕೊಳ್ಳಿ. ಯೂನಿವರ್ಸಿಟಿಯದ್ದೇ ಹಾಸ್ಟೆಲ್‌ಗಳಿವೆ. ಅದರ ಅರ್ಜಿ ಅಡ್ಮಿಷನ್ ಆದ ಮೇಲೆ ಯೂನಿವರ್ಸಿಟಿಗೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಬೇರೆ. ಅವಕ್ಕೆ ಅರ್ಜಿ ಸರ್ಕಾರದ ಪೋರ್ಟಲ್‌ನಲ್ಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಎರಡೂ ಕಡೆ ಸಿಗದಿದ್ದರೆ ಖಾಸಗಿ ಪಿ.ಜಿ. ಇಲ್ಲಿ ಒಂದು ತಮಾಷೆ ಇದೆ. ಪಿ.ಜಿ. ಓದಲು ಬಂದವರು ಪಿ.ಜಿ.ಯಲ್ಲಿ ಇರುತ್ತಾರೆ, ಮೊದಲನೆಯದು ಪೋಸ್ಟ್ ಗ್ರಾಜುಯೇಟ್, ಎರಡನೆಯದು ಪೇಯಿಂಗ್ ಗೆಸ್ಟ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆ ಅಂತ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಹಣ ಬರುತ್ತದೆ, ಅರ್ಜಿ ಹಾಕುವ ಕೊನೆ ದಿನ ಮಾತ್ರ ಯಾರೂ ಮನೆಗೆ ಬಂದು ಹೇಳುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಇನ್ನೊಂದು ದಾರಿಯೂ ಇದೆ. ನಂಜನಗೂಡು, ಶ್ರೀರಂಗಪಟ್ಟಣ, ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಓಡಾಡಬಹುದು, ಟಿಕೆಟ್ ಖರ್ಚಿಲ್ಲ. ಇದು ಉಳಿತಾಯ ಹೌದು. ಆದರೆ ನಾಲ್ಕೂವರೆಗೆ ಬಸ್ ಹಿಡಿಯಲು ಓಡುವವಳಿಗೆ ಸಂಜೆಯ ಲೈಬ್ರರಿ, ನಾಟಕ, ಹರಟೆ ಯಾವುದೂ ಇರುವುದಿಲ್ಲ. ಫೋನಿನಲ್ಲಿ ಅವರಪ್ಪ ಇದನ್ನೇ ಹೇಳಿದರು: "ದಿನಾ ಬಂದು ಹೋಗ್ಲಿ, ಬಸ್ ಫ್ರೀ ಅಲ್ವಾ?" ಹಿಂದಿನಿಂದ ಹುಡುಗಿ ಸುಮ್ಮನಾಗಿದ್ದು ನನಗೆ ಇಲ್ಲಿಗೇ ಕೇಳಿಸಿತು. ಒಂದು ವರ್ಷವಾದರೂ ಹಾಸ್ಟೆಲ್‌ನಲ್ಲಿ ಇರಲಿ ಬಿಡಿ ಭಾವ, ಅಂದೆ.

ಮೆಸ್ ಬಿಲ್ ಯಾಕೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ ಅಂತ ಬಹಳ ಪೋಷಕರಿಗೆ ಅನುಮಾನ. ಮಗ ದುಡ್ಡು ಹೊಡೆಯುತ್ತಿದ್ದಾನೆ ಅಂತಲೂ ಅಂದುಕೊಳ್ಳುತ್ತಾರೆ. ಪಾಪ, ಬಹಳ ಕಡೆ ಇರುವುದು ಡಿವೈಡಿಂಗ್ ಪದ್ಧತಿ. ತಿಂಗಳ ಒಟ್ಟು ಖರ್ಚನ್ನು ಆ ತಿಂಗಳು ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸುತ್ತಾರೆ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ನೂರು ಜನ ಮೂವತ್ತು ದಿನ ಉಂಡರೆ 3,000 ಊಟದ ದಿನ. ಖರ್ಚು 3 ಲಕ್ಷ ಆದರೆ ದಿನಕ್ಕೆ 100 ರೂಪಾಯಿ. ಈಗ ದಸರಾ ರಜೆಗೆ ಅರ್ಧ ಜನ ಅರ್ಧ ತಿಂಗಳು ಊರಿಗೆ ಹೋದರು ಅನ್ನಿ. ಊಟದ ದಿನ 2,250ಕ್ಕೆ ಇಳಿಯಿತು. ಅಕ್ಕಿ ಬೇಳೆ ಖರ್ಚು ಕಮ್ಮಿಯಾಗುತ್ತದೆ ನಿಜ, ಆದರೆ ಅಡುಗೆಯವರ ಸಂಬಳ ಇಳಿಯುವುದಿಲ್ಲವಲ್ಲ, ಒಟ್ಟು ಖರ್ಚು 2 ಲಕ್ಷ 52 ಸಾವಿರ ಬಂದರೂ ದಿನಕ್ಕೆ 112 ರೂಪಾಯಿ ಬೀಳುತ್ತದೆ. ಉಳಿದುಕೊಂಡು ಓದಿದವರಿಗೆ ಬರೆ. ಈ ಲೆಕ್ಕ ನೋಡುವುದಕ್ಕೆ ಹುಡುಗರದ್ದೇ ಒಂದು ಆಹಾರ ಸಮಿತಿ ಇರುತ್ತದೆ. ನನ್ನ ಕೇಳಿದರೆ, ಬಜೆಟ್ ಅಂದರೆ ಏನು, ಜಗಳ ಬಿಡಿಸುವುದು ಹೇಗೆ, ನಲವತ್ತು ಕೆ.ಜಿ. ಈರುಳ್ಳಿ ಕೊಳ್ಳುವಾಗ ಚೌಕಾಸಿ ಹೇಗೆ ಅಂತ ಕಲಿಸುವ ಕ್ಲಾಸು ಯೂನಿವರ್ಸಿಟಿಯಲ್ಲಿ ಇದೊಂದೇ, ಇದಕ್ಕೆ ಕ್ರೆಡಿಟ್ ಮಾತ್ರ ಇಲ್ಲ.

ಕ್ಲಾಸು ಮುಗಿದ ಮೇಲೆ

ಬೆಳಿಗ್ಗೆ ಸಂಜೆ ಕುಕ್ಕರಹಳ್ಳಿ ಕೆರೆ ಏರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಕುವೆಂಪು ವಾಕ್ ಹೋಗುತ್ತಿದ್ದ ಜಾಗ. ಗಂಗೋತ್ರಿಯ ಅರ್ಧ ಸ್ನೇಹ, ಅರ್ಧ ಪ್ರೀತಿ, ಬಹುಪಾಲು ರಾಜಕೀಯ ಚರ್ಚೆ ನಡೆಯುವುದು ಇಲ್ಲೇ. ಕ್ಯಾಂಪಸ್ಸಿನ ಒಳಗೇ ಜಯಲಕ್ಷ್ಮಿ ವಿಲಾಸ ಅರಮನೆ, ಅದರಲ್ಲಿ ಜಾನಪದ ವಸ್ತುಸಂಗ್ರಹಾಲಯ. ದಸರಾಕ್ಕೆ ಮುಂಚೆ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ, ಬೇರೆ ಬೇರೆ ಊರಿನ ಕಾಲೇಜು ತಂಡಗಳು ಬಂದು ಕುಣಿಯುತ್ತವೆ. ಆ ದಿನಗಳಲ್ಲಿ ಹಾಸ್ಟೆಲ್‌ನಲ್ಲಿ ಓದುತ್ತೇನೆ ಅಂತ ಕೂತವರ ಕಿವಿಗೆ ಹತ್ತಿಯೇ ಗತಿ.

ಸಿನಿಮಾಗಳಲ್ಲಿ ತೋರಿಸುವ ಚುನಾವಣೆ, ಮೆರವಣಿಗೆ ಇಲ್ಲಿ ಇರುತ್ತಾ ಅಂತ ಕೇಳುತ್ತಾರೆ. ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ 1980ರ ದಶಕದ ಕೊನೆಯಲ್ಲೇ ನೇರ ವಿದ್ಯಾರ್ಥಿ ಸಂಘದ ಚುನಾವಣೆ ನಿಲ್ಲಿಸಲಾಯಿತು. ವಿದ್ಯಾರ್ಥಿ ಸಂಘಟನೆಗಳು ಇವೆ, ಪ್ರತಿಭಟನೆಗಳೂ ಆಗುತ್ತವೆ, ಸಂಶೋಧನಾ ವಿದ್ಯಾರ್ಥಿಗಳ ಸಂಘ ಫೆಲೋಶಿಪ್ ತಡವಾದಾಗ ಕುಲಪತಿ ಕಚೇರಿ ಎದುರು ಕೂರುವುದುಂಟು.

ಈ ಸಂಶೋಧನಾ ವಿದ್ಯಾರ್ಥಿಗಳು, ಅಂದರೆ ಸ್ಕಾಲರ್‌ಗಳು, ಕ್ಯಾಂಪಸ್ಸಿನ ಹಿರಿಯಣ್ಣ ಹಿರಿಯಕ್ಕಂದಿರು. ಮೇಷ್ಟ್ರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬಂದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಬರದವರು ಅತಿಥಿ ಉಪನ್ಯಾಸ, ಟ್ಯೂಷನ್ ಅಂತ ಹೇಗೋ ದೂಡುತ್ತಾರೆ. ಯಾವ ಅರ್ಜಿ ಯಾವ ಕಚೇರಿಗೆ, ಯಾವ ಮೇಷ್ಟ್ರು ಯಾವಾಗ ಸಿಗುತ್ತಾರೆ, ಹಳೆ ಪ್ರಶ್ನೆಪತ್ರಿಕೆ ಎಲ್ಲಿ, ಎಲ್ಲ ಅವರಿಗೆ ಗೊತ್ತು. ವೆಬ್‌ಸೈಟ್ ನೋಡುವುದಕ್ಕಿಂತ ಮೊದಲು ಒಬ್ಬ ಸ್ಕಾಲರ್‌ಗೆ ಒಂದು ಟೀ ಕೊಡಿಸಿ.

ಲೈಬ್ರರಿಯಲ್ಲಿ ನೀವು ನೋಡುವ ಎಲ್ಲರೂ ಸಿಲಬಸ್ ಓದುತ್ತಿರುವುದಿಲ್ಲ. ಬಹಳ ಜನ ಕೆಪಿಎಸ್‌ಸಿ, ಪಿಎಸ್‌ಐ, ಕೆ-ಸೆಟ್ ಥರದ ಕೆಲಸದ ಪರೀಕ್ಷೆಗಳ ಪುಸ್ತಕ ಹಿಡಿದಿರುತ್ತಾರೆ. ಎಷ್ಟೋ ಹುಡುಗರಿಗೆ ಎಂ.ಎ. ಅನ್ನುವುದು ಓದಿನ ಜೊತೆಗೆ ಎರಡು ವರ್ಷದ ಹಾಸ್ಟೆಲ್ ಮತ್ತು ಲೈಬ್ರರಿ ಕಾರ್ಡ್ ಕೂಡ ಹೌದು. ಇದನ್ನು ಕೆಲವು ಮೇಷ್ಟ್ರು ಬೈಯುತ್ತಾರೆ. ಮನೆಯಲ್ಲಿ ಓದಲು ಒಂದು ಮೇಜೂ ಇಲ್ಲದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ರ‍್ಯಾಗಿಂಗ್ ಭಯ

ಚಿಕ್ಕದಾಗಿ ಹೇಳುತ್ತೇನೆ. 2009ರ ಯುಜಿಸಿ ನಿಯಮದ ಪ್ರಕಾರ ರ‍್ಯಾಗಿಂಗ್ ನಿಷೇಧ, ಪ್ರತಿ ವರ್ಷ ವಿದ್ಯಾರ್ಥಿ ಮತ್ತು ಪೋಷಕರು ಮುಚ್ಚಳಿಕೆ ಕೊಡಬೇಕು. ದಿನದ 24 ಗಂಟೆಯೂ ಇರುವ ಸಹಾಯವಾಣಿ 1800-180-5522. ಹೆಸರು ಕೇಳಿ ಹಾಡು ಹೇಳಿಸಿದರೂ, ನಿಮಗೆ ಇಷ್ಟವಿಲ್ಲದಿದ್ದರೆ ಅದು ರ‍್ಯಾಗಿಂಗೇ. ನಂಬರನ್ನು ಮಗಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಹಾಕಿಟ್ಟುಕೊಳ್ಳಿ.

ಕಾಗದದ ಚೀಲ

ಕೊನೆಯದು ದೊಡ್ಡ ಬಾಗಿಲಿನ ವಿಷಯ. ಈಗ ಅಡ್ಮಿಷನ್, ಪರೀಕ್ಷಾ ಶುಲ್ಕ, ಫಲಿತಾಂಶ ಹೆಚ್ಚಾಗಿ ಯುಯುಸಿಎಂಎಸ್ ಅನ್ನುವ ಸರ್ಕಾರದ ಪೋರ್ಟಲ್‌ನಲ್ಲಿ. ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ಗೆ ಬರುತ್ತದೆ. 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಎಬಿಸಿ, ಒಂದು ಪಾಸ್‌ಬುಕ್ ಥರ. ನೀವು ಗಳಿಸಿದ ಕ್ರೆಡಿಟ್ಟುಗಳು ನಿಮ್ಮ ಐಡಿ ಅಡಿ ಜಮಾ ಆಗುತ್ತವೆ. ಇದಕ್ಕೆಲ್ಲ ಆಧಾರ್‌ನಲ್ಲಿರುವ ಹೆಸರು ಹತ್ತನೇ ಕ್ಲಾಸಿನ ಅಂಕಪಟ್ಟಿಯ ಹೆಸರಿಗೆ ಸರಿಹೊಂದಬೇಕು, ಅಕ್ಷರಕ್ಕೆ ಅಕ್ಷರ.

ನನ್ನದೇ ಕಥೆ ಕೇಳಿ. ನಾನು ಓದಿದ ಯೂನಿವರ್ಸಿಟಿ ಯಾವುದು ಅಂತ ಹೇಳುವುದಿಲ್ಲ. ಮೂರನೇ ಸೆಮಿಸ್ಟರ್ ಕಾರ್ಡಿನಲ್ಲಿ ನನ್ನ ಇನಿಷಿಯಲ್ ಹಿಂದುಮುಂದಾಗಿ ಬಂತು. ಆಮೇಲೆ ಸರಿಮಾಡಿಸಿದರಾಯಿತು ಅಂತ ಬಿಟ್ಟೆ. ಕೆಲಸಕ್ಕೆ ಅರ್ಜಿ ಹಾಕುವಾಗ ನೆನಪಾಯಿತು. ಶುಲ್ಕ ನೂರು ಚಿಲ್ಲರೆ, ಆದರೆ ಐದು ತಿಂಗಳು, ಏಳು ಸಲ ಬಸ್ಸು. ಪ್ರತಿ ಸಲವೂ "ಫೈಲ್ ಮೇಲೆ ಹೋಗಿದೆ" ಅಂದರು. ಆ ಕಟ್ಟಡಕ್ಕೆ ಮೇಲೆ ಮಹಡಿಯೇ ಇರಲಿಲ್ಲ. ಕೊನೆಗೆ ಕೆಲಸ ಮಾಡಿಸಿದ್ದು, ಮೊದಲ ದಿನ ಅರ್ಜಿ ಕೊಟ್ಟಾಗ ಹಾಕಿಸಿಕೊಂಡಿದ್ದ ಸೀಲಿನ ಸ್ವೀಕೃತಿ. ದಿನಾಂಕ ತೋರಿಸಿದ ಮೇಲೆ ಫೈಲು ಅರ್ಧ ಗಂಟೆಯಲ್ಲಿ ಸಿಕ್ಕಿತು.

ಹಾಗಾಗಿ ಕೊಡುವ ಪ್ರತಿ ಅರ್ಜಿಗೂ ಒಂದು ನಕಲು, ಆ ನಕಲಿನ ಮೇಲೆ ಸೀಲು. ಫೀಸು ಕಟ್ಟಿದ ರಸೀದಿ ಎಲ್ಲ ಒಂದೇ ಫೈಲಿನಲ್ಲಿ. ಬೇರೆ ಯೂನಿವರ್ಸಿಟಿಯಿಂದ ಬರುವವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಒಂದು ಯೂನಿವರ್ಸಿಟಿ "ಇವರು ನಮ್ಮಿಂದ ಹೊರಟರು" ಅಂತ ಬರೆದುಕೊಡುವ ಪತ್ರ ಅದು. ಮುಗಿಸಿ ಹೊರಡುವಾಗ ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ, ತೆಗೆದುಕೊಳ್ಳಿ. ಘಟಿಕೋತ್ಸವ ಆಗಿ ನಿಜವಾದ ಡಿಗ್ರಿ ಕೈಗೆ ಬರುವವರೆಗೆ ಅದೇ ನಡೆಯುತ್ತದೆ.

ಇನ್ನೊಂದು ಹೇಳುವುದು ಮರೆತಿದ್ದೆ. ಮೂಲ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ವಿದೇಶಕ್ಕೋ ಕೆಲಸಕ್ಕೋ ಅದರ ಹಿಂದೆ ಸೀಲು ಹಾಕಿಸಬೇಕಾದರೆ ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲುವುದಿಲ್ಲ, ಕೀಳಲು ಹೋದರೆ ಕಾಗದವೇ ಹರಿಯುತ್ತದೆ. ಇದನ್ನು ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹುಡುಗಿ ನಗುತ್ತಾ ಹೇಳಿದಳು, "ಅಪ್ಪ ನಿನ್ನೆ ತಾನೇ ಹತ್ತನೇ ಕ್ಲಾಸಿಂದ ಡಿಗ್ರಿವರೆಗೆ ಎಲ್ಲಾನೂ ಮಾಡಿಸ್ಕೊಂಡು ಬಂದ್ರು ಮಾವ."